ಲೇಸರ್ ಬೆಸುಗೆ ಗಟ್ಟಿಯೋ ಪೊಳ್ಳೋ: ಮೈನಸ್ 40ರ ಲೆಕ್ಕವೂ ಮಡಿಕೇರಿಯ ಚಳಿಯೂ

ಲೇಸರ್ ವೆಲ್ಡಿಂಗ್ ಯಂತ್ರ ಈಗ ದೊಡ್ಡ ಕಾರ್ಖಾನೆಗಳ ಸೊತ್ತಾಗಿ ಉಳಿದಿಲ್ಲ. ಕೈಯಲ್ಲಿ ಗನ್ ಹಿಡಿದು ಬೆಸೆಯುವ ಸಣ್ಣ ಯಂತ್ರಗಳು ಮಾರುಕಟ್ಟೆಗೆ ಬಂದ ಮೇಲೆ ಕುಶಾಲನಗರ, ಗೋಣಿಕೊಪ್ಪದಂಥ ಊರಿನ ಫ್ಯಾಬ್ರಿಕೇಶನ್ ಶಾಪಿನವರೂ ದರ ವಿಚಾರಿಸುವ ಕಾಲ ಬಂದಿದೆ. ಅದರ ಬೆನ್ನಿಗೇ ಫೋನಿಗೆ ಬಂದು ಬೀಳುವ ಸುದ್ದಿ, ವಿಡಿಯೊಗಳು ತಲೆ ಕೆಡಿಸುತ್ತಿವೆ. ಒಂದರಲ್ಲಿ ಲೇಸರ್ ಜೋಡಣೆಯನ್ನು ಎರಡೂ ಕಡೆ ಹಿಡಿದು ಎಳೆದರೆ ತಗಡು ಹರಿಯುತ್ತದೆ, ಬೆಸುಗೆ ಅಲ್ಲಾಡುವುದಿಲ್ಲ. ಇನ್ನೊಂದರಲ್ಲಿ ಅಂಥದ್ದೇ ಜೋಡಣೆ ಸುತ್ತಿಗೆಯ ಒಂದೇ ಏಟಿಗೆ ಪಟ್ಟೆಂದು ಬಾಯಿ ಬಿಡುತ್ತದೆ. ಸಂಶೋಧನೆಯ ಸುದ್ದಿಗಳ ಕಥೆಯೂ ಅಷ್ಟೇ. ಮೈನಸ್ 40 ಡಿಗ್ರಿಯಲ್ಲೂ ಮೂಲ ಉಕ್ಕಿಗಿಂತ ಚೆನ್ನಾಗಿ ನಿಂತಿತು ಎಂದು ಒಂದು ವರದಿ ಹೇಳಿದರೆ, ಮೈನಸ್ 20ಕ್ಕೇ ಕೈಕೊಟ್ಟಿತು ಎಂದು ಮತ್ತೊಂದು ಹೇಳುತ್ತದೆ.

ಎರಡು ಕಡೆಯವರೂ ಸುಳ್ಳು ಹೇಳುತ್ತಿಲ್ಲ. ಅವರು ಅಳೆಯುತ್ತಿರುವ ಗುಣ ಬೇರೆ ಬೇರೆ, ಬೆಸೆಯುತ್ತಿರುವ ಉಕ್ಕೂ ಬೇರೆ ಬೇರೆ. ಕೆಲವೊಮ್ಮೆ ಅಳೆಯುವ ವಿಧಾನವೇ ದಾರಿ ತಪ್ಪಿಸುತ್ತದೆ. ಮಡಿಕೇರಿಯ ಚಳಿ ಎಷ್ಟು ಕೊರೆದರೂ ಸಾಮಾನ್ಯವಾಗಿ ಸೊನ್ನೆಗಿಂತ ಹಲವು ಡಿಗ್ರಿ ಮೇಲೆಯೇ ನಿಲ್ಲುತ್ತದೆ, ಹಾಗಾಗಿ ಮೈನಸ್ 40ರ ಗೊಡವೆ ನಮಗೇಕೆ ಎನ್ನಿಸುವುದು ಸಹಜ. ಆದರೆ ಉಕ್ಕಿನ ಜಾತಿ ಬದಲಾದಂತೆ ಅದಕ್ಕೆ ಚಳಿ ಶುರುವಾಗುವ ಅಂಕಿಯೂ ಬದಲಾಗುತ್ತದೆ. ಕೊಡಗಿನ ಕಾಡಂಚಿನಲ್ಲಿ ಕಿಲೋಮೀಟರುಗಟ್ಟಲೆ ನಿಂತಿರುವ ಒಂದು ಬಗೆಯ ಉಕ್ಕಿಗೆ ಏಪ್ರಿಲ್ ತಿಂಗಳ ಮಧ್ಯಾಹ್ನವೂ ಚಳಿಯೇ. ಅದಕ್ಕೆ ಆಮೇಲೆ ಬರೋಣ.

ಬಲ ಒಂದು, ತಾಳಿಕೆ ಇನ್ನೊಂದು

ಎಳೆದಾಗ ಎಷ್ಟು ಭಾರಕ್ಕೆ ಹರಿಯುತ್ತದೆ ಎಂಬುದು ಬಲ. ಎಲ್ಲೋ ಒಂದು ಸಣ್ಣ ಬಿರುಕು ಆಗಲೇ ಇದ್ದು, ಮೇಲಿಂದ ಏಟು ಬಿದ್ದಾಗ ಅದು ಓಡದಂತೆ ತಡೆದು ನಿಲ್ಲಿಸುವ ಗುಣ ತಾಳಿಕೆ, ಇಂಜಿನಿಯರುಗಳ ಬಾಯಲ್ಲಿ ಟಫ್‌ನೆಸ್. ಒಣಗಿದ ಕಾಫಿ ರೆಕ್ಕೆಯನ್ನು (ಕಾಫಿ ಗಿಡದ ಅಡ್ಡ ಕೊಂಬೆ) ನೇರವಾಗಿ ಎಳೆದರೆ ಅಷ್ಟು ಸುಲಭಕ್ಕೆ ಬರುವುದಿಲ್ಲ, ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ. ಹಸಿ ರೆಕ್ಕೆಯನ್ನು ಕೊಯ್ಲಿನವರು ಬಗ್ಗಿಸಿ ಹಣ್ಣು ಬಿಡಿಸಿಕೊಂಡು ಬಿಟ್ಟರೂ ಅದು ತನ್ನ ಜಾಗಕ್ಕೆ ಮರಳುತ್ತದೆ. ಉಕ್ಕಿನಲ್ಲೂ ಈ ಎರಡು ಗುಣ ಒಟ್ಟಿಗೇ ಇರಬೇಕೆಂದಿಲ್ಲ. ಗಡಸು ಹೆಚ್ಚಿಸಿದಷ್ಟೂ ತಾಳಿಕೆ ಇಳಿಯುವುದೇ ಹೆಚ್ಚು.

ಲೇಸರ್ ಬೆಸುಗೆಯ ಪಟ್ಟಿ ಬಹುತೇಕ ಸುತ್ತಲಿನ ಉಕ್ಕಿಗಿಂತ ಗಡಸಾಗಿರುತ್ತದೆ. ಹಾಗಾಗಿ ಎಳೆದು ನೋಡುವ ಪರೀಕ್ಷೆಯಲ್ಲಿ ಹರಿಯುವುದು ಪಕ್ಕದ ತಗಡೇ. ಮೊದಲ ವಿಡಿಯೊದಲ್ಲಿ ಕಾಣುವುದು ಇಷ್ಟೇ, ಅದರಿಂದ ತಾಳಿಕೆಯ ಬಗ್ಗೆ ಏನೂ ತಿಳಿಯುವುದಿಲ್ಲ.

ತಾಳಿಕೆ ಅಳೆಯಲು ನೂರು ವರ್ಷಕ್ಕೂ ಹಳೆಯದಾದ ಒಂದು ಪರೀಕ್ಷೆ ಇದೆ. ಫ್ರಾನ್ಸಿನ ಜಾರ್ಜ್ ಚಾರ್ಪಿ 1901ರಲ್ಲಿ ಅದಕ್ಕೊಂದು ರೂಪ ಕೊಟ್ಟ ಕಾರಣ ಇವತ್ತಿಗೂ ಅದು ಚಾರ್ಪಿ ಪರೀಕ್ಷೆ. 10 ಮಿ.ಮೀ. ಅಗಲ, 10 ಮಿ.ಮೀ. ದಪ್ಪ, 55 ಮಿ.ಮೀ. ಉದ್ದದ ಉಕ್ಕಿನ ತುಂಡು. ಅದರ ನಡುವೆ 2 ಮಿ.ಮೀ. ಆಳಕ್ಕೆ ವಿ ಆಕಾರದ ಒಂದು ಕಚ್ಚು. ತುಂಡನ್ನು ಆಲ್ಕೊಹಾಲ್ ಮತ್ತು ಡ್ರೈ ಐಸ್ ಬೆರೆಸಿದ ತೊಟ್ಟಿಯಲ್ಲಿ ಬೇಕಾದ ಉಷ್ಣತೆಗೆ ಇಳಿಸಿ, ಇಕ್ಕಳದಿಂದ ಹೊರತೆಗೆದು, ಯಂತ್ರದ ಮೇಲಿಟ್ಟು, 5 ಸೆಕೆಂಡಿನೊಳಗೆ ಹೊಡೆದುಬಿಡಬೇಕು. ತಡವಾದರೆ ತುಂಡು ಬಿಸಿಯೇರಿ ಲೆಕ್ಕ ಕೆಡುತ್ತದೆ. ತೂಗುಬಿದ್ದ ಭಾರವಾದ ಲೋಲಕ ಕೆಳಗಿಳಿದು ಕಚ್ಚಿನ ಹಿಂಬದಿಗೆ ಬಡಿಯುತ್ತದೆ, ತುಂಡನ್ನು ಮುರಿದು ಆ ಕಡೆ ಮೇಲೇರುತ್ತದೆ. ಏರಬೇಕಾದಷ್ಟು ಏರದೆ ಎಷ್ಟು ಕಡಿಮೆ ಬಿತ್ತೋ ಅಷ್ಟು ಶಕ್ತಿಯನ್ನು ಉಕ್ಕು ನುಂಗಿತು ಎಂದು ಅರ್ಥ. ಅದನ್ನು ಜೂಲ್‌ನಲ್ಲಿ ಬರೆಯುತ್ತಾರೆ.

ಮುರಿದ ಮುಖ ನೋಡಿದರೂ ಕಥೆ ಗೊತ್ತಾಗುತ್ತದೆ. ತಾಳಿಕೆಯಿರುವ ಉಕ್ಕಿನ ಮುಖ ಮಂಕಾಗಿ, ನಾರುನಾರಾಗಿ, ಅಂಚು ಜಗ್ಗಿಕೊಂಡಂತೆ ಇರುತ್ತದೆ. ತಾಳಿಕೆ ಇಲ್ಲದ್ದು ಚಪ್ಪಟೆಯಾಗಿ, ಹರಳುಹರಳಾಗಿ ಮಿನುಗುತ್ತದೆ. ಅನುಭವಸ್ಥರು ಅಂಕಿ ಓದುವ ಮೊದಲು ಈ ಮುಖವನ್ನೇ ನೋಡುತ್ತಾರೆ.

ನಮ್ಮ ದೇಶದ ಕಟ್ಟಡ, ಸೇತುವೆಗಳ ಉಕ್ಕಿಗೆ ಐಎಸ್ 2062 ಎಂಬ ಮಾನದಂಡವಿದೆ. ಅದರಲ್ಲಿ ಇ250 ದರ್ಜೆಯ ಉಕ್ಕಿಗೇ ನಾಲ್ಕು ಉಪದರ್ಜೆಗಳು. 'ಎ' ಆದರೆ ಚಾರ್ಪಿ ಪರೀಕ್ಷೆಯ ಕಡ್ಡಾಯವಿಲ್ಲ. 'ಬಿಆರ್' ಆದರೆ (ಗಿರಾಕಿ ಪರೀಕ್ಷೆ ಕೇಳಿದಲ್ಲಿ) ಸಾಮಾನ್ಯ ಉಷ್ಣತೆಯಲ್ಲಿ, 'ಬಿ0' ಆದರೆ ಸೊನ್ನೆ ಡಿಗ್ರಿಯಲ್ಲಿ, 'ಸಿ' ಆದರೆ ಮೈನಸ್ 20ರಲ್ಲಿ ಕನಿಷ್ಠ 27 ಜೂಲ್ ನುಂಗಬೇಕು. 27 ಜೂಲ್ ಎಂದರೆ ಒಂದು ಕೆ.ಜಿ. ತೂಕವನ್ನು ಸುಮಾರು 2.75 ಮೀಟರ್ ಎತ್ತಲು ಬೇಕಾದಷ್ಟು ಶಕ್ತಿ. ಕೊಡಗಿನ ಅಂಗಡಿಗಳಲ್ಲಿ 'ಎಂ.ಎಸ್.' (ಮೈಲ್ಡ್ ಸ್ಟೀಲ್) ಎಂದು ಕೇಳಿ ತರುವ ಆಂಗಲ್, ಚಾನೆಲ್, ಪ್ಲೇಟುಗಳ ಮೇಲೆ ಈ ಉಪದರ್ಜೆಯನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಗೇಟಿಗೆ ಅದು ಬೇಕಾಗಿಯೂ ಇಲ್ಲ.

ಚಳಿಗೆ ಉಕ್ಕು ಯಾಕೆ ಬೆದರುತ್ತದೆ

ಲೋಹ ಬಗ್ಗುವುದೆಂದರೆ ಅದರೊಳಗಿನ ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಜಾರುವುದು. ಸಾಮಾನ್ಯ ಉಕ್ಕಿನಲ್ಲಿ ಈ ಜಾರಾಟಕ್ಕೆ ಶಾಖದ ಸಹಾಯ ಬೇಕು. ಬಿಸಿ ಇದ್ದಾಗ ಬಿರುಕಿನ ತುದಿಯಲ್ಲಿ ಸಾಲುಗಳು ಜಾರಿ ತುದಿ ಮೊಂಡಾಗುತ್ತದೆ, ಬಿರುಕು ನಿಲ್ಲುತ್ತದೆ. ಚಳಿ ಹೆಚ್ಚಿದಂತೆ ಜಾರಲು ಬೇಕಾದ ಒತ್ತಡ ಏರುತ್ತಾ ಹೋಗುತ್ತದೆ, ಸೀಳಲು ಬೇಕಾದ ಒತ್ತಡ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಒಂದು ಹಂತದಲ್ಲಿ ಜಾರುವುದಕ್ಕಿಂತ ಸೀಳುವುದೇ ಸುಲಭವಾಗಿಬಿಡುತ್ತದೆ. ಆಗ ಬಿರುಕು ಕ್ಷಣಾರ್ಧದಲ್ಲಿ ಇಡೀ ತಟ್ಟೆಯ ಉದ್ದಕ್ಕೂ ಓಡಬಹುದು.

ಹಂತ ಎಂದೆ, ಆದರೆ ಅದು ಗೆರೆ ಎಳೆದಂಥ ಒಂದು ಅಂಕಿಯಲ್ಲ, ಹತ್ತಾರು ಡಿಗ್ರಿಗಳಲ್ಲಿ ಹರಡಿಕೊಂಡ ಇಳಿಜಾರು. ಕಾರ್ಬನ್ ಹೆಚ್ಚಿದ್ದರೆ, ಉಕ್ಕಿನೊಳಗಿನ ಸೂಕ್ಷ್ಮ ಹರಳುಗಳು ದೊಡ್ಡದಾಗಿದ್ದರೆ, ಗಂಧಕ–ರಂಜಕದ ಕಲ್ಮಶ ಇದ್ದರೆ, ತಟ್ಟೆ ದಪ್ಪವಾಗಿದ್ದರೆ ಈ ಇಳಿಜಾರು ಬಿಸಿ ಕಡೆಗೆ ಸರಿಯುತ್ತದೆ. ಹರಳು ಸಣ್ಣದಾದರೆ, ನಿಕಲ್ ಸೇರಿದರೆ ತಂಪಿನ ಕಡೆಗೆ ಸರಿಯುತ್ತದೆ. ಮೈನಸ್ 162 ಡಿಗ್ರಿಯ ದ್ರವ ನೈಸರ್ಗಿಕ ಅನಿಲದ ಟ್ಯಾಂಕಿಗೆ ಶೇ. 9 ನಿಕಲ್ ಇರುವ ಉಕ್ಕು ಬಳಸುವುದು ಇದಕ್ಕೇ. ಅಡುಗೆಮನೆಯ ಸ್ಟೀಲ್ ಪಾತ್ರೆಯ ಜಾತಿಯ 304 ಸ್ಟೇನ್‌ಲೆಸ್‌ನಲ್ಲಿ ಪರಮಾಣುಗಳ ಜೋಡಣೆಯೇ ಬೇರೆ. ಅದಕ್ಕೆ ಈ ಕಾಯಿಲೆ ಇಲ್ಲ. ಕೋವಿಡ್ ನಂತರ ಆಸ್ಪತ್ರೆಗಳ ಅಂಗಳದಲ್ಲಿ ಎದ್ದುನಿಂತ ಬಿಳಿ ಆಕ್ಸಿಜನ್ ಟ್ಯಾಂಕುಗಳ ಒಳಪಾತ್ರೆ ಮೈನಸ್ 183 ಡಿಗ್ರಿಯ ದ್ರವವನ್ನು ಹಿಡಿದಿಡುವುದು ಈ ಬಗೆಯ ಸ್ಟೇನ್‌ಲೆಸ್‌ನ ಬಲದಿಂದ. ಸ್ಟೇನ್‌ಲೆಸ್ ರೇಲಿಂಗ್ ಬೆಸೆಯುವವರು ಲೇಸರ್ ಮತ್ತು ಚಳಿಯ ಚರ್ಚೆಯಿಂದ ಇಲ್ಲಿಗೇ ಎದ್ದುಹೋಗಬಹುದು.

ಹಿಂದೊಮ್ಮೆ ಆರ್ಕ್ ವೆಲ್ಡಿಂಗ್‌ಗೂ ಇದೇ ಪಾಡು

1943ರ ಜನವರಿ 16. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಆಗಷ್ಟೇ ಕಟ್ಟಿ ಮುಗಿಸಿದ್ದ ಸ್ಕೆನೆಕ್ಟಡಿ ಎಂಬ ತೈಲ ಹಡಗು ಕಟ್ಟೆಗೆ ಕಟ್ಟಿಹಾಕಿದ್ದ ಹಾಗೆಯೇ, ನೀರು ಶಾಂತವಾಗಿರುವಾಗಲೇ, ನಡುವೆ ಬಿರಿದು ಹೋಯಿತು. ಗಾಳಿಯ ಉಷ್ಣತೆ ಆಗ ಮೈನಸ್ 3ರ ಸುಮಾರು, ನೀರಿನದು 4 ಡಿಗ್ರಿ. ಯುದ್ಧಕಾಲದಲ್ಲಿ ಕಟ್ಟಿದ 2,710 ಲಿಬರ್ಟಿ ಹಡಗುಗಳ ಪೈಕಿ ಹಲವಕ್ಕೆ ಇಂಥದ್ದೇ ಬಿರುಕು ಬಂತು. ರಿವೆಟ್ ಬಿಟ್ಟು ವೆಲ್ಡಿಂಗ್ ಹಿಡಿದದ್ದೇ ತಪ್ಪಾಯಿತು ಎಂಬ ಕೂಗೆದ್ದಿತು.

ಕೇಂಬ್ರಿಜ್‌ನ ಕಾನ್‌ಸ್ಟನ್ಸ್ ಟಿಪ್ಪರ್ ಎಂಬ ಲೋಹತಜ್ಞೆ ತೋರಿಸಿದ್ದು ಬೇರೆಯದನ್ನು. ಆ ಕಾಲದ ಉಕ್ಕಿಗೇ ಆ ಚಳಿಯಲ್ಲಿ ತಾಳಿಕೆ ಇರಲಿಲ್ಲ. ಡೆಕ್ಕಿನ ಚೌಕ ಬಾಗಿಲುಗಳ ಚೂಪು ಮೂಲೆಗಳು ಬಿರುಕಿಗೆ ಬಾಯಿ ತೆರೆದುಕೊಟ್ಟಿದ್ದವು. ವೆಲ್ಡಿಂಗ್‌ನ ಪಾಲು ಇದ್ದೇ ಇತ್ತು. ರಿವೆಟ್ ಹೊಡೆದ ಹಡಗಿನಲ್ಲಿ ಬಿರುಕು ಒಂದು ತಟ್ಟೆಯ ಅಂಚಿಗೆ ಬಂದು ನಿಲ್ಲುತ್ತಿತ್ತು, ಬೆಸೆದ ಹಡಗು ಒಂದೇ ಅಖಂಡ ತಟ್ಟೆಯಾದ್ದರಿಂದ ಬಿರುಕಿಗೆ ಅಡ್ಡಿಯೇ ಇರಲಿಲ್ಲ. ಪರಿಹಾರವಾಗಿ ಬಂದದ್ದು ಒಳ್ಳೆಯ ಉಕ್ಕು, ದುಂಡು ಮೂಲೆ ಮತ್ತು ಚಾರ್ಪಿ ಅಂಕಿಯ ಕಡ್ಡಾಯ. ವೆಲ್ಡಿಂಗ್ ಉಳಿಯಿತು. ಇವತ್ತಿನ 27 ಜೂಲ್ ಎಂಬ ಅಂಕಿಯ ಬೇರು ಆ ಹಡಗುಗಳ ತಟ್ಟೆಗಳ ಅಧ್ಯಯನದಲ್ಲೇ ಇದೆ. ಹಡಗಿನ ಉಕ್ಕಿಗೆ ಈಗ ಡಿ ದರ್ಜೆ ಎಂದರೆ ಮೈನಸ್ 20ರಲ್ಲಿ, ಇ ಎಂದರೆ ಮೈನಸ್ 40ರಲ್ಲಿ, ಎಫ್ ಎಂದರೆ ಮೈನಸ್ 60ರಲ್ಲಿ ಪರೀಕ್ಷೆ. ಸುದ್ದಿಗಳಲ್ಲಿ ಪದೇ ಪದೇ ಕಾಣುವ ಮೈನಸ್ ಅಂಕಿಗಳು ಹೆಚ್ಚಿನವು ಇಂಥ ಪಟ್ಟಿಗಳಿಂದಲೇ ಬಂದವು.

ಲೇಸರ್ ಬೆಸುಗೆಯ ಒಳಗೆ ಇಳಿದರೆ

ವಿದ್ಯುತ್ ಕಿಡಿಯಿಂದ ಲೋಹ ಕರಗಿಸುವ ಮಾಮೂಲಿ ಆರ್ಕ್ ವೆಲ್ಡಿಂಗ್‌ನಲ್ಲಿ ಶಾಖ ಅಗಲವಾಗಿ ಹರಡುತ್ತದೆ. ಲೇಸರ್‌ನಲ್ಲಿ ಶಾಖವೆಲ್ಲ ಮಿಲಿಮೀಟರಿನ ಒಂದಂಶದಷ್ಟು ಚುಕ್ಕಿಯ ಮೇಲೆ ಬೀಳುತ್ತದೆ. ಸಾಂದ್ರತೆ ಚದರ ಸೆಂಟಿಮೀಟರಿಗೆ ಹತ್ತು ಲಕ್ಷ ವಾಟ್ ಮುಟ್ಟಿದಾಗ ಉಕ್ಕು ಕರಗುವುದಷ್ಟೇ ಅಲ್ಲ, ಕುದಿದು ಆವಿಯಾಗುತ್ತದೆ. ಆವಿಯ ಒತ್ತಡಕ್ಕೆ ಕರಗಿದ ಲೋಹದಲ್ಲಿ ಕಿರಿದಾದ ಆಳವಾದ ತೂತು ಬೀಳುತ್ತದೆ. ಇದನ್ನು ಕೀಹೋಲ್ ಎನ್ನುತ್ತಾರೆ. ಕಿರಣ ಮುಂದೆ ಹೋದ ಹಾಗೆ ಲೋಹ ಹಿಂದೆ ತುಂಬಿಕೊಂಡು ಗಟ್ಟಿಯಾಗುತ್ತದೆ. ಅಡ್ಡ ಕತ್ತರಿಸಿ ಪಾಲಿಶ್ ಮಾಡಿ ಆಸಿಡ್ ಸವರಿ ನೋಡಿದರೆ ಆರ್ಕ್ ಬೆಸುಗೆ ಬಟ್ಟಲಿನ ಹಾಗೆ ಅಗಲವಾಗಿ ಕಾಣುತ್ತದೆ, ಲೇಸರ್‌ನದು ಒಂದೆರಡು ಮಿಲಿಮೀಟರ್ ಅಗಲದ ಉದ್ದನೆಯ ಗೀರು.

ಒಳಿತೂ ಕೆಡುಕೂ ಎರಡೂ ಹುಟ್ಟುವುದು ಈ ಗೀರಿನಲ್ಲೇ. ಶಾಖ ಕಡಿಮೆಯಾದ್ದರಿಂದ ತಗಡು ಸೊಟ್ಟಗಾಗುವುದು ಕಡಿಮೆ. ಬೆಸುಗೆಯ ಪಕ್ಕದಲ್ಲಿ ಶಾಖಕ್ಕೆ ಹರಳುಗಳು ಉಬ್ಬಿ ದೊಡ್ಡದಾಗುವ ಪಟ್ಟಿಯೂ ತೀರಾ ಕಿರಿದು. ಆರ್ಕ್‌ನಲ್ಲಿ ಅತಿಯಾಗಿ ಶಾಖ ಕೊಟ್ಟಾಗ ತಾಳಿಕೆ ಬೀಳುವುದು ಮೊದಲು ಆ ಪಟ್ಟಿಯಲ್ಲೇ, ಹಾಗಾಗಿ ಇದು ಸಣ್ಣ ಲಾಭವಲ್ಲ.

ಕೆಡುಕು ತಣಿಯುವ ವೇಗದಲ್ಲಿದೆ. ಸುತ್ತಲಿನ ತಣ್ಣನೆಯ ಉಕ್ಕು ಗೀರಿನ ಶಾಖವನ್ನು ಗಬಕ್ಕನೆ ಹೀರಿಕೊಳ್ಳುತ್ತದೆ. 800ರಿಂದ 500 ಡಿಗ್ರಿಗೆ ಇಳಿಯಲು ಸಾಧಾರಣ ಆರ್ಕ್ ಬೆಸುಗೆ ಹತ್ತು ಸೆಕೆಂಡಿನ ಆಸುಪಾಸು ತೆಗೆದುಕೊಂಡರೆ, ಲೇಸರ್‌ನದು ಒಂದು ಸೆಕೆಂಡಿನ ಆಚೀಚೆ ಮುಗಿಯುತ್ತದೆ. ಕುಲುಮೆಯಲ್ಲಿ ಕತ್ತಿ ಕಾಯಿಸಿ ನೀರಿಗೆ ಅದ್ದಿದಾಗ ಆಗುವುದೇ ಇಲ್ಲೂ ಆಗುತ್ತದೆ, ಉಕ್ಕಿನಲ್ಲಿ ಮಾರ್ಟೆನ್‌ಸೈಟ್ ಎಂಬ ಗಡಸು ರಚನೆ ಹುಟ್ಟುತ್ತದೆ. ಅದು ಎಷ್ಟು ಗಡಸು, ಎಷ್ಟು ಪೆಡಸು (ಬಗ್ಗದೆ ಮುರಿಯುವಂಥದ್ದು) ಎಂಬುದು ಬಹುಪಾಲು ಕಾರ್ಬನ್ ಮೇಲೆ ನಿಂತಿದೆ. ಶೇ. 0.1ಕ್ಕಿಂತ ಕಡಿಮೆ ಕಾರ್ಬನ್ ಇರುವ ಇಂದಿನ ಪೈಪ್‌ಲೈನ್ ಉಕ್ಕುಗಳಲ್ಲಿ ಈ ಮಾರ್ಟೆನ್‌ಸೈಟ್ ಅಷ್ಟೇನೂ ಪೆಡಸಲ್ಲ. ಹರಳು ಸಣ್ಣದಾದ ಕಾರಣ ತಾಳಿಕೆ ಚೆನ್ನಾಗಿಯೇ ಬರಬಹುದು. ಐಎಸ್ 2062ರ ಇ250 ಎ ಉಕ್ಕಿನಲ್ಲಿ ಕಾರ್ಬನ್ ಶೇ. 0.23ರವರೆಗೆ ಇರಲು ಅವಕಾಶವಿದೆ. ಅಲ್ಲಿ ಅದೇ ವೇಗ ಅದೇ ಯಂತ್ರ ಬೇರೆಯೇ ಫಲ ಕೊಡುತ್ತದೆ.

ಇದರ ಮೇಲೆ ಇನ್ನೊಂದು ತೊಡಕು. ಆರ್ಕ್ ವೆಲ್ಡಿಂಗ್‌ನ ರಾಡ್ ಅಥವಾ ತಂತಿಯಲ್ಲಿ ಮ್ಯಾಂಗನೀಸ್, ಟೈಟಾನಿಯಂನಂಥವನ್ನು ಲೆಕ್ಕ ಹಾಕಿ ಬೆರೆಸಿರುತ್ತಾರೆ. ಅವುಗಳ ಸೂಕ್ಷ್ಮ ಕಣಗಳ ಮೇಲೆ ಸೂಜಿಗಳು ಹೆಣೆದುಕೊಂಡಂತೆ ಬೆಳೆಯುವ ಒಂದು ರಚನೆ ಬಿರುಕನ್ನು ಹೆಜ್ಜೆಹೆಜ್ಜೆಗೂ ತಿರುಗಿಸುತ್ತದೆ, ತಾಳಿಕೆಗೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ತಂತಿ ಹಾಕದೆ ಬರೀ ಲೇಸರ್‌ನಿಂದ ಬೆಸೆದರೆ ಈ ಮದ್ದು ಸಿಗುವುದಿಲ್ಲ. ತಟ್ಟೆಯಲ್ಲಿ ಏನಿದೆಯೋ ಬೆಸುಗೆಯಲ್ಲೂ ಅದೇ.

ಕೀಹೋಲ್ ಕುಸಿದಾಗ ಒಳಗೆ ಸಿಕ್ಕಿಬೀಳುವ ಗುಳ್ಳೆಗಳು, ಗಂಧಕ ಹೆಚ್ಚಿರುವ ಉಕ್ಕಿನಲ್ಲಿ ಗೀರಿನ ನಟ್ಟನಡುವೆ ಗಟ್ಟಿಯಾಗುವಾಗಲೇ ಬರುವ ಸೀಳು ಇವೂ ಇವೆ. ಚಳಿಯಲ್ಲಿ ಬಿರುಕು ಹೊರಡಲು ಇಷ್ಟು ಸಾಕು.

ಪರೀಕ್ಷೆಯೇ ಮೋಸ ಮಾಡಿದಾಗ

ವರದಿಗಳು ಒಂದಕ್ಕೊಂದು ತಾಳೆಯಾಗದಿರಲು ಉಕ್ಕಿನ ವ್ಯತ್ಯಾಸ ಒಂದು ಕಾರಣವಾದರೆ, ಅಷ್ಟೇ ದೊಡ್ಡ ಇನ್ನೊಂದು ಕಾರಣ ಚಾರ್ಪಿ ತುಂಡಿನಲ್ಲೇ ಅಡಗಿದೆ. ಸುದ್ದಿಗಳಲ್ಲಿ ಇದರ ಪ್ರಸ್ತಾಪ ಬರುವುದೇ ಅಪರೂಪ.

ಕಚ್ಚನ್ನು ಬೆಸುಗೆಯ ಸರಿಯಾಗಿ ನಡುವೆ ಹಾಕಿದ್ದೇವೆ ಎಂದುಕೊಳ್ಳಿ. ಲೋಲಕ ಬಡಿದಾಗ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಆದರೆ ಬೆಸುಗೆಯ ಅಗಲ ಒಂದೆರಡು ಮಿಲಿಮೀಟರ್ ಮಾತ್ರ, ಗಡಸು ಬೇರೆ. ಎರಡೂ ಪಕ್ಕದಲ್ಲಿ ಮೆದು ಉಕ್ಕು. ಬಗ್ಗುವ ಕೆಲಸವೆಲ್ಲ ಮೆದು ಕಡೆಯೇ ನಡೆಯುವುದರಿಂದ ಬಿರುಕು ಒಂದಿಷ್ಟು ದೂರ ಹೋಗಿ ಪಕ್ಕಕ್ಕೆ ಹೊರಳಿ, ಮೂಲ ಉಕ್ಕಿನೊಳಗೆ ನುಗ್ಗಿ, ಅಲ್ಲಿ ಆರಾಮವಾಗಿ ಹರಿಯುತ್ತದೆ. ಯಂತ್ರ ತೋರಿಸುವ ಅಂಕಿ ಭರ್ಜರಿಯಾಗಿರುತ್ತದೆ. ಆ ಅಂಕಿ ಬೆಸುಗೆಯದಲ್ಲ, ಪಕ್ಕದ ತಟ್ಟೆಯದು. ಒಂದೇ ಬೆಸುಗೆಯಿಂದ ಕತ್ತರಿಸಿದ ಮೂರು ತುಂಡುಗಳಲ್ಲಿ ಎರಡರ ಬಿರುಕು ಹೊರಳಿ, ಒಂದರದು ನೇರ ಹೋದರೆ ಎರಡು ದೊಡ್ಡ ಅಂಕಿ, ಒಂದು ತೀರಾ ಸಣ್ಣ ಅಂಕಿ ಸಿಗುತ್ತವೆ. ಸರಾಸರಿ ತೆಗೆದು ಬರೆದರೆ ಫಲಿತಾಂಶ ಚೆನ್ನಾಗಿದೆ ಎನಿಸುತ್ತದೆ.

ತಜ್ಞರು ಇದನ್ನು ಬಿರುಕಿನ ದಾರಿ ತಪ್ಪುವಿಕೆ ಎಂದು ಗುರುತಿಸಿ ದಶಕಗಳೇ ಆದವು. ತುಂಡಿನ ಎರಡು ಪಕ್ಕದಲ್ಲೂ ಉದ್ದ ಗೀರು ಹಾಕಿ ಬಿರುಕನ್ನು ಬೆಸುಗೆಯೊಳಗೇ ಓಡುವಂತೆ ಕಟ್ಟಿಹಾಕುವುದು ಒಂದು ಉಪಾಯ. ಮೊದಲೇ ನಿಜವಾದ ಬಿರುಕು ಬೆಳೆಸಿಕೊಂಡು ನಿಧಾನವಾಗಿ ಬಗ್ಗಿಸಿ, ಬಿರುಕಿನ ತುದಿ ಎಷ್ಟು ತೆರೆದುಕೊಂಡಿತು ಎಂದು ಅಳೆಯುವುದು ಇನ್ನೊಂದು. ಅದಕ್ಕೆ ಖರ್ಚು ಜಾಸ್ತಿ.

ಈ ದಾರಿ ತಪ್ಪುವಿಕೆಯನ್ನು ಓದುವ ರೀತಿಯಲ್ಲೇ ಎರಡು ಪಕ್ಷಗಳಿವೆ. ಬಿರುಕು ಪಕ್ಕಕ್ಕೆ ಹೊರಳುವುದು ಒಳ್ಳೆಯದೇ ಅಲ್ಲವೇ, ನಿಜವಾದ ಹಡಗಿನಲ್ಲೂ ಅದು ಹಾಗೆಯೇ ಹೊರಳಿ ಮೆದು ಉಕ್ಕಿನಲ್ಲಿ ನಿಲ್ಲುತ್ತದೆ, ಜೋಡಣೆಯನ್ನು ಇಡಿಯಾಗಿ ನೋಡಬೇಕು ಎನ್ನುವುದು ಉತ್ಪಾದನೆಯ ಕಡೆಯವರ ವಾದ. ಹತ್ತು ಮಿಲಿಮೀಟರಿನ ತುಂಡಿನಲ್ಲಿ ಹೊರಳಿದ್ದು ದಪ್ಪ ತಟ್ಟೆಯಲ್ಲಿ, ಇನ್ನೂ ಚಳಿಯಲ್ಲಿ, ಗುಳ್ಳೆಗಳ ಸಾಲೇ ಇರುವ ಕಡೆ ಹೊರಳುತ್ತದೆಂಬ ಖಾತರಿ ಏನು ಎನ್ನುವುದು ತಪಾಸಣೆಯವರ ಪ್ರಶ್ನೆ. ತೆಳು ತಟ್ಟೆಗಳ ಮಟ್ಟಿಗೆ ಮೊದಲಿನವರ ಮಾತಿನಲ್ಲಿ ಹುರುಳಿದೆ. ತಟ್ಟೆ ದಪ್ಪವಾದಂತೆ, ಜೀವಕ್ಕೆ ಅಪಾಯವಿರುವ ಕಡೆ, ಎರಡನೆಯವರ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. 'ಲೇಸರ್ ಬೆಸುಗೆ ಮೈನಸ್ 40ರಲ್ಲಿ ಇಷ್ಟು ಜೂಲ್ ತಾಳಿತು' ಎಂಬ ಸುದ್ದಿಯಲ್ಲಿ ಬಿರುಕು ಎಲ್ಲಿ ಓಡಿತು ಎಂಬುದು ಇಲ್ಲದಿದ್ದರೆ ಆ ಅಂಕಿಯನ್ನು ನಂಬಲು ಅವಸರ ಬೇಡ.

ದೊಡ್ಡ ಕಾರ್ಖಾನೆಗಳು ನಡುದಾರಿಯೊಂದನ್ನು ಹಿಡಿದಿವೆ. ಲೇಸರ್ ಮುಂದೆ, ಅದರ ಬೆನ್ನಿಗೆ ಆರ್ಕ್ ಮತ್ತು ತಂತಿ, ಎರಡೂ ಕರಗಿದ ಲೋಹದ ಒಂದೇ ಕೊಳದಲ್ಲಿ. ಆಳ ಲೇಸರ್‌ನಿಂದ, ಮದ್ದು ತಂತಿಯಿಂದ, ತಣಿಯುವ ವೇಗವೂ ಒಂದಿಷ್ಟು ಕಡಿಮೆ. ಜರ್ಮನಿಯ ಮೆಯರ್ ವೆರ್ಫ್ಟ್ ಹಡಗುಕಟ್ಟೆ ಪ್ರವಾಸಿ ಹಡಗುಗಳ ಡೆಕ್ ತಟ್ಟೆಗಳಿಗೆ ಈ ಹೈಬ್ರಿಡ್ ವಿಧಾನವನ್ನು 2000ರ ದಶಕದಿಂದಲೇ ಬಳಸುತ್ತಿದೆ. ಆದರೂ ದಪ್ಪ ತಟ್ಟೆಯ ಕೆಳಭಾಗಕ್ಕೆ ತಂತಿಯ ಮದ್ದು ಪೂರಾ ಇಳಿಯುವುದಿಲ್ಲ ಎಂಬ ಕೊರತೆ ಉಳಿದೇ ಇದೆ.

ರೈಲಿಲ್ಲದ ಜಿಲ್ಲೆಯ ರೈಲು ಕಂಬಿ

ಕೊಡಗಿಗೆ ಇವತ್ತಿಗೂ ರೈಲು ಬಂದಿಲ್ಲ. ರೈಲು ಕಂಬಿಗಳು ಮಾತ್ರ ಲಾರಿಯಲ್ಲಿ ಬಂದು ಕಾಡಂಚಿನಲ್ಲಿ ನಿಂತಿವೆ. ಆನೆ ತೋಟಕ್ಕೆ ನುಗ್ಗದಂತೆ ಅರಣ್ಯ ಇಲಾಖೆ ಹಾಕಿಸುವ ಬ್ಯಾರಿಕೇಡ್ ಬಳಸಿ ಬಿಟ್ಟ ಹಳಿಗಳದು. ಈ ಚರ್ಚೆ ಕೊಡಗಿಗೆ ನಿಜವಾಗಿ ತಾಗುವುದು ಇಲ್ಲಿ.

ಹಳಿಯ ಉಕ್ಕಿನಲ್ಲಿ ಕಾರ್ಬನ್ ಶೇ. 0.6ರಿಂದ 0.8. ಚಕ್ರದ ಸವೆತ ತಡೆಯಲು ಹಾಗೆ ಮಾಡಿರುತ್ತಾರೆ, ಅದಕ್ಕೆ ತೆರುವ ಬೆಲೆ ತಾಳಿಕೆ. ಬಗ್ಗುವುದರಿಂದ ಸೀಳುವುದಕ್ಕೆ ಹೊರಳುವ ಇಳಿಜಾರು ಈ ಉಕ್ಕಿಗೆ ಸಾಮಾನ್ಯ ಉಷ್ಣತೆಗಿಂತ ಮೇಲೇ ಇದೆ. ಅಂದರೆ ಮಡಿಕೇರಿ ಬಿಡಿ, ಕುಶಾಲನಗರದ ಬಿಸಿಲಲ್ಲೂ ಇದರ ಚಾರ್ಪಿ ಅಂಕಿ ಹತ್ತು ಜೂಲ್‌ನ ಆಚೀಚೆ, ಹಲವು ಸಲ ಅದಕ್ಕಿಂತ ಕಡಿಮೆ. ಉತ್ತರ ಭಾರತದಲ್ಲಿ ಚಳಿಗಾಲದ ರಾತ್ರಿ ಹಳಿ ಬಿರುಕು ಹುಡುಕಲೆಂದೇ ರೈಲ್ವೆಯವರು ಗಸ್ತು ಹಾಕುತ್ತಾರೆ.

ಇಂಥ ಉಕ್ಕಿನ ಮೇಲೆ ಸಾಮಾನ್ಯ ರಾಡ್‌ನಲ್ಲೇ ಕಾಯಿಸದೆ ಬೆಸೆಯುವುದು ತಪ್ಪು. ರೈಲ್ವೆಯವರು ಹಳಿ ಬೆಸೆಯುವಾಗ ಕರಗಿದ ಉಕ್ಕನ್ನು ಅಚ್ಚಿಗೆ ಸುರಿಯುವ ಥರ್ಮಿಟ್ ವಿಧಾನದಲ್ಲಿ ಹಳಿಯ ಎರಡೂ ತುದಿಯನ್ನು ಮೊದಲು ಚೆನ್ನಾಗಿ ಕಾಯಿಸಿಕೊಳ್ಳುವುದು ಸುಮ್ಮನೆ ಅಲ್ಲ. ಹಾಗಿರುವಾಗ ಒಂದು ಸೆಕೆಂಡಿನಲ್ಲಿ ತಣಿಯುವ ಲೇಸರ್ ಗೀರನ್ನು ಹಳಿಯ ಮೇಲೆ ಎಳೆದರೆ ಹುಟ್ಟುವುದು ಅತಿ ಗಡಸು, ಅತಿ ಪೆಡಸು ಮಾರ್ಟೆನ್‌ಸೈಟ್. ಕೆಲವೊಮ್ಮೆ ತಣಿಯುವಾಗಲೇ ಟಿಕ್ ಎಂದು ಬಿರುಕು ಬಿಟ್ಟಿರುತ್ತದೆ. ಮೇಲಿಂದ ನೋಡಲು ಬೆಸುಗೆ ಕನ್ನಡಿಯಂತಿದ್ದರೂ ಸಲಗ ಮೈಯೊರಗಿಸಿದ ದಿನ ಅದರ ಬೆಲೆ ಗೊತ್ತಾಗುತ್ತದೆ. ಬ್ಯಾರಿಕೇಡ್ ದುರಸ್ತಿಗೆ ಯಾರಾದರೂ ಕೈ ಲೇಸರ್ ಹೊತ್ತು ಬಂದರೆ ಬೇಡ ಎನ್ನುವುದೇ ಸರಿ. ತೂತು ಕೊರೆದು ಬೋಲ್ಟ್ ಹಾಕುವುದು ಹಳೇ ಕಾಲದ್ದಾದರೂ, ಈ ಉಕ್ಕಿನ ಸ್ವಭಾವಕ್ಕೆ ಅದೇ ಹೊಂದುತ್ತದೆ.

ಗೇಟು, ಪೈಪು ಮತ್ತು ಕಣ್ಣು

ಹಳಿ ಬಿಟ್ಟು ಉಳಿದ ಕೆಲಸಗಳಿಗೆ ಬಂದರೆ ಚಿತ್ರ ಬೇರೆ. ತೋಟದ ಗೇಟು, ಮೆಟ್ಟಿಲ ರೇಲಿಂಗ್, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್‌ನ ತಗಡು, ಕಣದ ಶೆಡ್ಡಿನ ಚೌಕಪೈಪು ಇವೆಲ್ಲ ಎರಡು ಮೂರು ಮಿಲಿಮೀಟರ್ ದಪ್ಪದವು. ತೆಳು ತಗಡಿನಲ್ಲಿ ಬಿರುಕಿನ ತುದಿಗೆ ಪಕ್ಕಕ್ಕೆ ಕುಗ್ಗಲು ಜಾಗ ಸಿಗುವುದರಿಂದ ಸೀಳುವ ಅಪಾಯ ಮೊದಲೇ ಕಡಿಮೆ, ಚಳಿಯೂ ಇಲ್ಲ. ಇಲ್ಲಿ ತಾಳಿಕೆಯ ಅಂಕಿ ಕೇಳುತ್ತಾ ಕೂರುವುದು ಕಾಲಹರಣ.

ಸುತ್ತಿಗೆ ಏಟಿಗೆ ಬಾಯಿ ಬಿಡುವ ವಿಡಿಯೊ ಇಂಥ ಕೆಲಸದ್ದಾದರೆ ಕಾರಣ ಬಹುಪಾಲು ಚಳಿಯೂ ಅಲ್ಲ, ಮಾರ್ಟೆನ್‌ಸೈಟೂ ಅಲ್ಲ, ಬೆಸುಗೆ ಒಳಗೆ ಇಳಿಯದಿರುವುದು. ರಾಡ್ ವೆಲ್ಡಿಂಗ್‌ನಲ್ಲಿ ಎರಡು ಪ್ಲೇಟಿನ ನಡುವೆ ಸಂದು ಇದ್ದರೂ ತುಂಬಿಸಿಕೊಂಡು ಹೋಗಬಹುದು. ಲೇಸರ್‌ಗೆ ಅಂಚು ಅಂಚಿಗೆ ಕೂಡಬೇಕು. ಸಂದು ತಗಡಿನ ದಪ್ಪದ ಹತ್ತನೇ ಒಂದು ಪಾಲು ದಾಟಿದರೆ ತೊಂದರೆ ಶುರು. ಮೇಲಿನ ಸಾಲು ನೀಟಾಗಿ ಕಾಣುತ್ತದೆ, ಬುಡದಲ್ಲಿ ಎರಡು ಲೋಹ ಕೂಡಿಯೇ ಇರುವುದಿಲ್ಲ. ಆ ಸಂದಿಗೆ ಕೊಡಗಿನ ಮಳೆ ನೀರು ಹೋಗಿ ಕೂತರೆ ಒಳಗಿಂದ ತುಕ್ಕು. ಸತು ಲೇಪಿಸಿದ ಜಿಐ ಪೈಪಿನದು ಇನ್ನೊಂದು ರಗಳೆ. ಅದರ ಸತು 907 ಡಿಗ್ರಿಗೇ ಕುದಿಯುತ್ತದೆ, ಉಕ್ಕು ಕರಗಲು ಅದರಾಚೆ ಇನ್ನೂ ಆರುನೂರು ಡಿಗ್ರಿಯಷ್ಟು ಏರಬೇಕು. ಕುದಿದ ಸತು ಹೊರಹೋಗಲು ಜಾಗವಿಲ್ಲದೆ ಬೆಸುಗೆಯೊಳಗೆ ಗುಳ್ಳೆಯಾಗುತ್ತದೆ. ಬೆಸೆಯುವ ಮೊದಲು ಅಂಚಿನ ಸತುವನ್ನು ಗ್ರೈಂಡರ್ ಹಿಡಿದು ತೆಗೆಯಬೇಕು, ಆಮೇಲೆ ಸತುವಿನ ಪೇಂಟ್ ಬಳಿಯಬೇಕು. ಮಾದರಿಗೊಂದು ತುಂಡು ಬೆಸೆಸಿ, ಅಡ್ಡ ಕತ್ತರಿಸಿ ಬುಡ ಕೂಡಿದೆಯೇ ಎಂದು ಕಣ್ಣಾರೆ ನೋಡುವುದು ಗಿರಾಕಿಯೂ ಮಾಡಿಸಬಹುದಾದ ಕೆಲಸ.

ಇದಕ್ಕಿಂತ ದೊಡ್ಡ ಆತಂಕ ಕಣ್ಣಿನದು. ಈ ಕೈಯಂತ್ರಗಳ ಕಿರಣ ಸುಮಾರು 1,070 ನ್ಯಾನೊಮೀಟರಿನದು, ಕಣ್ಣಿಗೆ ಕಾಣುವುದಿಲ್ಲ. ಕಾಣದಿದ್ದರೂ ಕಣ್ಣಿನ ಮಸೂರ ಅದನ್ನು ಅಕ್ಷಿಪಟಲದ ಮೇಲೆ ಕೂಡಿಸುತ್ತದೆ. ಸಾವಿರದಿಂದ ಮೂರು ಸಾವಿರ ವಾಟ್‌ನ ಕಿರಣ ಹೊಳೆಯುವ ಸ್ಟೀಲಿನ ಮೇಲೆ ಬಿದ್ದು ಸಿಡಿದದ್ದೂ ಕಣ್ಣು ಕೆಡಿಸಬಲ್ಲದು. ಆರ್ಕ್‌ನ ಕಪ್ಪು ಗಾಜಿನ ಶೀಲ್ಡ್ ಇದಕ್ಕೆಂದು ಮಾಡಿದ್ದಲ್ಲ, ಆ ತರಂಗಕ್ಕೇ ತಯಾರಿಸಿದ ಕನ್ನಡಕ ಬೇಕು, ಸುತ್ತ ಮುಚ್ಚಿದ ಗೂಡು ಬೇಕು. ನಮ್ಮ ಊರುಗಳ ವೆಲ್ಡಿಂಗ್ ಶಾಪ್‌ಗಳು ರಸ್ತೆಗೆ ಶಟರ್ ತೆರೆದುಕೊಂಡು ನಡೆಯುತ್ತವೆ; ಶಾಲೆ ಬಿಟ್ಟ ಮಕ್ಕಳು ಅದೇ ಬದಿಯಲ್ಲಿ ನಡೆದು ಹೋಗುತ್ತಾರೆ. ಆರ್ಕ್ ಆದರೆ ಬೆಳಕು ಚುಚ್ಚಿ ಮುಖ ತಿರುಗಿಸುವಂತೆ ಮಾಡುತ್ತದೆ, ಇಲ್ಲಿ ಆ ಎಚ್ಚರಿಕೆಯೂ ಸಿಗುವುದಿಲ್ಲ.

ಮುಂದೇನು

ಬೇಡಿಕೆ ಬರುವುದು ನಿಜವಾದ ಚಳಿ ಇರುವ ಕಡೆಯಿಂದ. 1948ರ ನವೆಂಬರ್ 1ರಂದು ಕೊಡಗಿನ ಜನರಲ್ ತಿಮ್ಮಯ್ಯನವರು ಟ್ಯಾಂಕುಗಳನ್ನು ಹತ್ತಿಸಿದ ಹಿಮಾಲಯದ ಜೋಜಿಲಾ ಕಣಿವೆದಾರಿಯ ಆಚೆ, ದ್ರಾಸ್‌ನಲ್ಲಿ ಉಷ್ಣತೆ ಮೈನಸ್ 20ಕ್ಕಿಂತ ಕೆಳಗಿಳಿಯುವುದು ಮಾಮೂಲು. ಅಲ್ಲಿನ ಸೇತುವೆ, ವಾಹನ, ಇಂಧನ ಟ್ಯಾಂಕಿಗೆ ಈ ಲೆಕ್ಕ ಪ್ರತಿದಿನದ್ದು. ಕೇಂದ್ರ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಹಡಗು ನಿರ್ಮಾಣಕ್ಕೆ 69,725 ಕೋಟಿ ರೂಪಾಯಿಯ ಪ್ಯಾಕೇಜ್ ಒಪ್ಪಿದೆ. ಪಕ್ಕದ ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ನಾರ್ವೆಯ ಕಂಪನಿಗೆ ಸರಕು ಹಡಗು ಕಟ್ಟುವ ಕೆಲಸ ಹಿಡಿದಿದೆ. ಹೊರದೇಶದ ಗಿರಾಕಿ ಬಂದಂತೆ ದರ್ಜೆ, ಜೂಲ್, ಉಷ್ಣತೆಗಳ ಕಾಗದಪತ್ರವೂ ಬರುತ್ತದೆ. ತೆಳು ತಟ್ಟೆ ಸೊಟ್ಟಗಾಗದಂತೆ ಬೆಸೆಯುವ ಲೇಸರ್ ಹೈಬ್ರಿಡ್ ಕಡೆಗೆ ಒಲವೂ ಬೆಳೆಯಬಹುದು.

ಹಾಗಾದರೆ ವೆಲ್ಡರನ ಕೆಲಸದ ಸ್ವರೂಪ ಬದಲಾಗುತ್ತದೆ. ರಾಡ್ ಹಿಡಿದು ಕೊಳವನ್ನು ನಡೆಸುವ ಕೈಚಳಕಕ್ಕಿಂತ ಅಂಚನ್ನು ಹತ್ತನೇ ಒಂದು ಮಿಲಿಮೀಟರಿನ ಲೆಕ್ಕಕ್ಕೆ ಸಿದ್ಧಪಡಿಸುವುದು, ಉಕ್ಕಿನ ಕಾರ್ಖಾನೆ ಕೊಡುವ ಮಿಲ್ ಸರ್ಟಿಫಿಕೇಟ್‌ನಲ್ಲಿ ಕಾರ್ಬನ್, ಗಂಧಕದ ಅಂಕಣ ಓದುವುದು, ಮುರಿದ ಚಾರ್ಪಿ ತುಂಡಿನ ಮುಖ ನೋಡಿ ಬಿರುಕು ಎಲ್ಲಿ ಓಡಿತೆಂದು ಹೇಳುವುದು ಮುಖ್ಯವಾಗುತ್ತದೆ. ಐಟಿಐಯ ವೆಲ್ಡರ್ ಟ್ರೇಡ್ ಮುಗಿಸಿ ಮಂಗಳೂರು, ಕೊಚ್ಚಿ ಕಡೆ ಹೊರಡುವ ಹುಡುಗರಿಗೆ ಇದು ಬೇಕಾಗುತ್ತದೆ. ಪೊನ್ನಂಪೇಟೆ, ಕುಶಾಲನಗರದ ಇಂಜಿನಿಯರಿಂಗ್ ಕಾಲೇಜುಗಳಿಗೆ ಒಂದು ಕೆಲಸ ಕೈಗೆಟುಕುವ ಹಾಗಿದೆ: ಸ್ಥಳೀಯ ಶಾಪ್‌ಗಳಲ್ಲಿ ಬೆಸೆದ ಎಂ.ಎಸ್., ಜಿಐ ಮತ್ತು ಹಳಿ ತುಂಡುಗಳನ್ನು ತಂದು ಕತ್ತರಿಸಿ, ಗಡಸುತನ ಅಳೆದು, ಹೊಡೆದು ನೋಡಿ, ಬಂದ ಅಂಕಿಗಳನ್ನು ಕನ್ನಡದಲ್ಲೇ ಬರೆದು ಆ ಶಾಪಿನವರ ಕೈಗೆ ಕೊಡುವುದು. ಬ್ಯಾರಿಕೇಡ್ ಟೆಂಡರಿನಲ್ಲಿ ಹಳಿಗೆ ಯಾವ ಜೋಡಣೆ ಸಲ್ಲುತ್ತದೆ, ಯಾವುದು ಸಲ್ಲದು ಎಂಬ ಒಂದು ಸಾಲು ಸೇರಿಸಲು ಅರಣ್ಯ ಇಲಾಖೆಗೂ ಆ ಅಂಕಿಗಳು ಸಾಕು.